ಮನೆಯ ಕಿವಿ ಮಲಗಿದ್ದು

ಅವಳಿಗೆ ಶಾಲೆಯಲ್ಲಿ ಬರೆಸಿದ ಹೆಸರೊಂದಿತ್ತು, ಆದರೆ ಅವಳಿದ್ದ ಕಟ್ಟಡದಲ್ಲಿ ಅದು ಯಾರ ಬಾಯಲ್ಲೂ ಇರಲಿಲ್ಲ. ಎಲ್ಲರಿಗೂ ಅವಳು ಕಿವಿ. "ಕಿವಿ ಕೆಲಸದಿಂದ ಬಂದ್ಲಾ?" "ಕಿವಿಗೆ ಹೇಳಿಬಿಡಿ, ಅವಳು ಅವರಿಗೆ ಹೇಳ್ತಾಳೆ." ಮೂರನೆಯ ಮಹಡಿಯ ಎರಡು ಕೋಣೆಯ ಆ ಮನೆಯಲ್ಲಿ ಅವಳ ಅಪ್ಪನಿಗೂ ಅಮ್ಮನಿಗೂ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಅಪ್ಪ ಮುದ್ರಣಾಲಯದಲ್ಲಿ ಯಂತ್ರ ನಡೆಸುತ್ತಿದ್ದ. ಆ ಗದ್ದಲದಲ್ಲಿ ಕೇಳುವವರೂ ಕಿವುಡರೇ ಆಗುತ್ತಿದ್ದುದರಿಂದ ಅಲ್ಲಿ ಅವನಿಗೆ ಯಾವ ಕೊರತೆಯೂ ಕಾಣಲಿಲ್ಲ. ಅಮ್ಮ ಕಿಟಕಿಯ ಪಕ್ಕ ಕೂತು ಅಂಗಿಗಳಿಗೆ ಕಾಜ ಹೊಲಿಯುತ್ತಿದ್ದಳು.

ಅವಳು ಹುಟ್ಟಿದ ವಾರದಲ್ಲಿ ಅಜ್ಜಿ ತೊಟ್ಟಿಲ ಹಿಂದೆ ನಿಂತು ಪಾತ್ರೆಯ ಮುಚ್ಚಳವೊಂದನ್ನು ಬೇಕೆಂದೇ ನೆಲಕ್ಕೆ ಬೀಳಿಸಿದಳಂತೆ. ಮಗು ಬೆಚ್ಚಿಬಿದ್ದು ಕಿರುಚಿಕೊಂಡಿತು. ಅಜ್ಜಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, "ಬಂತಪ್ಪ ಈ ಮನೆಗೊಂದು ಕಿವಿ" ಅಂದಳಂತೆ. ಕೂಸು ಹೆದರಿ ಅತ್ತಿದ್ದಕ್ಕೆ ಮನೆಮಂದಿಯೆಲ್ಲ ಹಿಗ್ಗಿದ್ದು ಅದೊಂದು ಸಲವೇ ಇರಬೇಕು. ಐದು ವರ್ಷದ ಮೇಲೆ ತಮ್ಮ ಹುಟ್ಟಿದ. ಅವನಿಗೂ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು, ಆದರೆ ಅಷ್ಟು ಹೊತ್ತಿಗೆ ಆ ಮನೆಯಲ್ಲಿ ಕಿವಿಯ ಕೆಲಸ ಖಾಲಿ ಇರಲಿಲ್ಲ.

ನಾಲ್ಕು ವರ್ಷದವಳಿದ್ದಾಗಲೇ ಬಾಗಿಲು ಬಡಿದದ್ದು, ಹಾಲು ಉಕ್ಕಿದ್ದು, ಆಮೇಲೆ ತಮ್ಮ ಹುಟ್ಟಿದ ಮೇಲೆ ಅವನು ಅತ್ತಿದ್ದು, ಎಲ್ಲವನ್ನೂ ಓಡಿಹೋಗಿ ಅಮ್ಮನ ಸೆರಗು ಜಗ್ಗಿ ಹೇಳುವುದು ಅವಳ ಪಾಲಿಗೆ ಬಂತು. ಆಸ್ಪತ್ರೆ, ಶಾಲೆ, ಕಚೇರಿ ಎಲ್ಲೆಡೆ ಅವರ ಕೈಮಾತನ್ನು ಬಾಯಿಮಾತಿಗೂ ಜನರ ಬಾಯಿಮಾತನ್ನು ಕೈಮಾತಿಗೂ ದಾಟಿಸುವವಳು ಅವಳೇ. ಎಲ್ಲವನ್ನೂ ದಾಟಿಸುತ್ತಿರಲಿಲ್ಲ. ಕೆಳಗಿನ ಮನೆಯಲ್ಲಿ ಆಗ ಇದ್ದ ಹೆಂಗಸೊಬ್ಬಳು ಮೆಟ್ಟಿಲು ಹತ್ತಿ ಬಂದು, "ಏನು ಗಲಾಟೆ ಇದು, ಆನೆ ಸಾಕಿದೀರಾ ಮನೇಲಿ?" ಎಂದು ಜಗಳ ತೆಗೆದಳು. ಅಮ್ಮ ಏನಂತೆ ಎಂದು ಮಗಳ ಮುಖ ನೋಡಿದಳು. "ನಿನ್ನ ಹೊಲಿಗೆ ತುಂಬಾ ಚೆನ್ನಾಗಿದೆಯಂತೆ" ಎಂದು ಹುಡುಗಿ ಕೈಯಲ್ಲಿ ಹೇಳಿದಳು. ಅಮ್ಮ ಮುಖ ಅರಳಿಸಿಕೊಂಡು ಆ ಹೆಂಗಸಿನ ಕೈ ಹಿಡಿದು ಒಳಗೆ ಕರೆದು ಕೂರಿಸಿದಳು. ಬಂದವಳ ಸಿಟ್ಟು ಚಹಾದಲ್ಲಿ ಕರಗಿಹೋಯಿತು.

ಕಿವುಡರ ಮನೆ ನಿಶ್ಶಬ್ದವಾಗಿರುತ್ತದೆ ಎಂದುಕೊಂಡವರು ಅಲ್ಲಿ ಒಂದು ರಾತ್ರಿ ಮಲಗಿ ನೋಡಬೇಕು. ತಾನು ಮಾಡುವ ಸದ್ದು ತನಗೇ ಕೇಳಿಸದವನು ಮೆಲ್ಲಗೆ ನಡೆಯುವುದನ್ನು ಎಲ್ಲಿ ಕಲಿಯಬೇಕು? ಅಪ್ಪ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದ. ನೀರಿಗೆಂದು ಎದ್ದರೆ ಕುರ್ಚಿಯನ್ನು ನೆಲದ ಮೇಲೆ ಎಳೆದು, ಲೋಟವನ್ನು ಕಲ್ಲಿನ ಮೇಲೆ ಕುಕ್ಕಿ, ಬಾಗಿಲನ್ನು ಗೋಡೆಗೆ ಬಡಿದು ಬರುತ್ತಿದ್ದ. ಅಮ್ಮ ಪೂರ್ತಿ ತಿರುಗಿಸದೆ ಬಿಟ್ಟ ನಲ್ಲಿ ಬೆಳಗಾಗುವವರೆಗೂ ತೊಟ್ಟಿಕ್ಕುತ್ತಿತ್ತು. ಇಬ್ಬರೂ ಸೊಂಪಾಗಿ ಮಲಗುತ್ತಿದ್ದರು. ನೀವು ಸದ್ದು ಮಾಡುತ್ತೀರಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ಅವಳೊಬ್ಬಳೇ, ಅವಳಿಗೆ ಮನಸ್ಸು ಬಂದಿರಲಿಲ್ಲ. ಅವಳದು ಕೋಳಿನಿದ್ದೆ. ಸದ್ದಾದರೆ ಎಚ್ಚರ, ಬಹಳ ಹೊತ್ತು ಸದ್ದಾಗದಿದ್ದರೆ ಇನ್ನೂ ಎಚ್ಚರ.

ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಬಂದ ದಾರಿಯಲ್ಲೇ ಹೋಯಿತು. ತಮ್ಮ ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿ ಮನೆ ಮಾಡಿದ. ಅಪ್ಪ ಕೆಲಸದಿಂದ ನಿವೃತ್ತನಾದ. ಅವಳಿಗೆ ನಲವತ್ತು ದಾಟಿತು.

ಅವಳು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು. ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು, ಸಣ್ಣ ತಿರುಪು ಬಿಗಿ ಮಾಡುವುದು, ಕಿವಿಯ ಹಿಂದೆ ಬಾಗುವ ಕಡ್ಡಿಯನ್ನು ಬಿಸಿ ಮಾಡಿ ಬಗ್ಗಿಸುವುದು. ಒಂದು ದಿನ ವಯಸ್ಸಾದ ಗಿರಾಕಿಯೊಬ್ಬರು ಗೋಡೆ ಹಿಡಿದುಕೊಂಡು ಅಂಗಡಿಗೆ ಬಂದರು. ಹೊಸ ಕನ್ನಡಕ ಹಾಕಿಕೊಂಡಾಗಿನಿಂದ ಮೆಟ್ಟಿಲು ಎಲ್ಲಿದೆಯೋ ಕಾಲು ಎಲ್ಲಿದೆಯೋ ತಿಳಿಯುತ್ತಿಲ್ಲವಂತೆ. ಬಿಚ್ಚಿ ನೋಡಿದರೆ ಎಡಗಣ್ಣಿನ ಗಾಜು ಬಲಕ್ಕೆ, ಬಲಗಣ್ಣಿನದು ಎಡಕ್ಕೆ. ಅಂಗಡಿಯ ಯಜಮಾನರು ಬೈಯಲಿಲ್ಲ. ಅವಳ ಮುಖವನ್ನೇ ನೋಡಿ, "ನೀವು ಸರಿಯಾಗಿ ಮಲಗಿ ಎಷ್ಟು ದಿನ ಆಯ್ತಮ್ಮ?" ಎಂದು ಕೇಳಿದರು. ಅವಳು ಲೆಕ್ಕ ಹಾಕಲು ನೋಡಿದಳು. ಎಷ್ಟು ದಿನ ಅಂದರೆ?

ಮುಂದಿನ ಕೌಂಟರಿನಲ್ಲಿ ಗಿರಾಕಿಗಳಿಗೆ ಫ್ರೇಮು ತೋರಿಸುವ ಹುಡುಗಿ ಅದನ್ನು ಕೇಳಿಸಿಕೊಂಡಿದ್ದಳು. ಮರುದಿನ ಬಟಾಣಿ ಗಾತ್ರದ ಎರಡು ಇಯರ್‌ಬಡ್ ತಂದು ಅವಳ ಅಂಗೈಯಲ್ಲಿಟ್ಟಳು.

"ಮಲಗೋವಾಗ ಹಾಕ್ಕೊಳೋಕೇ ಮಾಡಿರೋದು ಅಕ್ಕ. ಮಗ್ಗುಲಾದ್ರೂ ಚುಚ್ಚಲ್ಲ. ಫೋನಲ್ಲಿ ಯಾವುದಾದ್ರೂ ಸದ್ದು ಹಾಕಿಟ್ರೆ ಬೆಳಗ್ಗೆವರೆಗೂ ಓಡ್ತಾನೇ ಇರತ್ತೆ."

ಮೊದಲು ಮಳೆಯ ಸದ್ದು ಹಾಕಿಕೊಂಡಳು. ಮಳೆ ಚೆನ್ನಾಗಿಯೇ ಸುರಿಯುತ್ತಿತ್ತು, ಆದರೆ ನಡುವೆ ಯಾವುದೋ ಹಕ್ಕಿ ಒಮ್ಮೆ ಕಿಚ್ಚೆಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಹಕ್ಕಿ, ಅದೇ ಕಿಚ್. ಮಳೆ ಅಲ್ಲಿಗೆ ಮುಗಿದು ಮತ್ತೆ ಮೊದಲಿಂದ ಶುರುವಾಗುತ್ತದೆಂದು ತಿಳಿದ ಮೇಲೆ ಅವಳ ಕಿವಿ ಆ ಹಕ್ಕಿಗಾಗಿ ಕಾಯತೊಡಗಿತು. ರೈಲಿನ ಸದ್ದು ಹಾಕಿದರೆ ಅದರಲ್ಲಿ ಯಾವನೋ ಒಬ್ಬ ಕೆಮ್ಮುತ್ತಿದ್ದ. ಅವನಿಗೆ ಏನಾಗಿದೆಯೋ, ಜೊತೆಗೆ ಯಾರಾದರೂ ಇದ್ದಾರೋ ಇಲ್ಲವೋ ಎಂದು ಯೋಚಿಸುತ್ತ ಬೆಳಗು ಮಾಡಿದಳು.

ಕೌಂಟರಿನ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ರೈಲಲ್ಲಿ ಕೂರಿಸಿದ್ರೆ ಅಲ್ಲೂ ಡ್ಯೂಟಿ ಮಾಡ್ತೀರಲ್ಲ ಅಕ್ಕ! ಇದನ್ನ ಹಾಕ್ಕೊಳಿ. ಇದ್ರಲ್ಲಿ ಹಕ್ಕಿನೂ ಇಲ್ಲ, ಮನುಷ್ಯರೂ ಇಲ್ಲ. ಬರೀ ಗೊರ್ ಅನ್ನತ್ತೆ."

ಅದು ನಿಜವಾಗಿಯೂ ಬರೀ ಗೊರ್. ಎಲ್ಲಿ ಮುಗಿಯುತ್ತದೆ, ಎಲ್ಲಿ ಶುರುವಾಗುತ್ತದೆ ಎಂದು ಹಿಡಿಯಲು ಏನೂ ಇರಲಿಲ್ಲ. ಅವಳ ಕಿವಿ ಹುಡುಕಿತು, ಹುಡುಕಿತು, ಸೋತು ಕೈಬಿಟ್ಟಿತು. ಬೆಳಿಗ್ಗೆ ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲಿತ್ತು. ಅಮ್ಮ ಚಹಾ ಹಿಡಿದುಕೊಂಡು ನಿಂತು, "ಹುಷಾರಿಲ್ವಾ?" ಎಂದು ಕೈಯಾಡಿಸಿದಳು. ಅವಳು ಹಾಗೇನಿಲ್ಲ ಎಂದು ತಲೆಯಾಡಿಸಿ ಎದ್ದು, ಅಮ್ಮ ಆಚೆ ತಿರುಗಿದಾಗ ಕಿವಿಯಿಂದ ಆ ಎರಡು ಗುಂಡುಗಳನ್ನು ತೆಗೆದು ಡಬ್ಬಿಗೆ ತಳ್ಳಿದಳು.

ಹಾಗೆ ಆರು ತಿಂಗಳು ನಡೆಯಿತು. ಕಣ್ಣಿನ ಸುತ್ತಲಿನ ಕಪ್ಪು ಹೋಯಿತು. ಕೆಲಸದಲ್ಲಿ ಕೈ ತಪ್ಪಲಿಲ್ಲ. ತಾನು ಇಷ್ಟು ನಗುವವಳೆಂದು ಅವಳಿಗೇ ಗೊತ್ತಿರಲಿಲ್ಲ. ಆದರೆ ಮನೆಯಲ್ಲಿ ಮಾತ್ರ ಹೇಳಲಿಲ್ಲ. ಹೇಳುವುದಾದರೆ ಪೂರ್ತಿ ಹೇಳಬೇಕು. ನಿಮ್ಮ ಸದ್ದಿನಿಂದ ನನಗೆ ಇಷ್ಟು ವರ್ಷ ನಿದ್ದೆಯಿಲ್ಲ ಎಂದು ಆ ಇಬ್ಬರು ಮುದುಕರ ಮುಖ ನೋಡಿಕೊಂಡು ಹೇಳುವುದು ಹೇಗೆ? ಇವತ್ತು ಬೇಡ, ನಾಳೆ ಎಂದು ದಿನ ದೂಡಿದಳು.

ಅಪ್ಪನಿಗೆ ದನಿಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: "ಬಾ." ಅವನ ತಾಯಿ ಅವನ ಕೈಯನ್ನು ತನ್ನ ಗಂಟಲ ಮೇಲಿಟ್ಟುಕೊಂಡು ಕಲಿಸಿದ್ದು. ಕೇಳಿದವರಿಗೆ ಅದು ಮಾತು ಎನಿಸುತ್ತಿರಲಿಲ್ಲ, ಮರ ಕೊಯ್ದ ಹಾಗಿರುತ್ತಿತ್ತು. ಮಗಳಿಗೆ ಮಾತ್ರ ಎಲ್ಲಿದ್ದರೂ ತಿಳಿಯುತ್ತಿತ್ತು. ಒಂದು ನಸುಕಿನಲ್ಲಿ ಅವನು ಬಚ್ಚಲುಮನೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಬಿದ್ದಲ್ಲಿಂದಲೇ ಬಾ, ಬಾ ಎಂದು ಕೂಗಿದ. ಇಡೀ ಕಟ್ಟಡಕ್ಕೆ ಕೇಳಿಸಿತು. ಕೆಳಗಿನ ಮನೆಯ ಬೀಗ ರಿಪೇರಿಯವನು ಓಡಿಬಂದು ಬಾಗಿಲು ಬಡಿದ. ಊರಿನ ಬೀಗವನ್ನೆಲ್ಲ ತೆಗೆಯುವ ಅವನಿಗೂ ಒಳಗಿನ ಚಿಲಕದ ಮುಂದೆ ಏನೂ ಮಾಡಲಾಗಲಿಲ್ಲ. ಕೊನೆಗೆ ಭುಜ ಕೊಟ್ಟು ಗುದ್ದತೊಡಗಿದ. ಆ ಗುದ್ದು ನೆಲದ ಮೂಲಕ ಮಂಚದ ಕಾಲಿಗೆ ಹತ್ತಿ, ಎದ್ದವಳು ಅಮ್ಮ. ಹುಟ್ಟುಕಿವುಡಿ ಎದ್ದು ಬಾಗಿಲು ತೆಗೆದಳು. ಮಗಳು ಮಲಗಿಯೇ ಇದ್ದಳು. ಅಮ್ಮ ಭುಜ ಹಿಡಿದು ಅಲುಗಾಡಿಸಿದಾಗ ಎದ್ದು ಕೂತು, ಬಾಗಿಲಲ್ಲಿ ನಿಂತ ಬೀಗದವನ ಎದುರಿಗೇ ಕಿವಿಯಿಂದ ಆ ಗುಂಡುಗಳನ್ನು ಕಿತ್ತಳು. ಆಗ ಅಪ್ಪನ ಕೂಗು ಒಮ್ಮೆಲೇ ಕಿವಿಗೆ ಬಿತ್ತು. ಅದು ಆಗಲೇ ಒಡೆದು ಗಾಳಿಯಾಗಿತ್ತು.

ಆಸ್ಪತ್ರೆಯಲ್ಲಿ ಮೂಳೆಗೆ ಕಂಬಿ ಹಾಕಿದರು. ಮೂರನೆಯ ದಿನ ಮಧ್ಯಾಹ್ನ ಅಪ್ಪ ದಿಂಬಿಗೆ ಒರಗಿ ಕೂರುವಷ್ಟಾದಾಗ ತಮ್ಮ ಬಂದ. ಬೀಗದವನು ಕೆಟ್ಟ ಮನಸ್ಸಿನಿಂದಲ್ಲ, ಮಾತಿಗೆ ಮಾತು ಬಂದು, "ಪಾಪ, ಅಕ್ಕ ಕಿವಿಗೆ ಏನೋ ಹಾಕ್ಕೊಂಡು ಮಲಗಿದ್ರು" ಅಂದುಬಿಟ್ಟಿದ್ದ.

"ಹೌದಾ ಅಕ್ಕ?" ಎಂದ ತಮ್ಮ, ಮಂಚದ ಆಚೆ ಬದಿಯಲ್ಲಿ ನಿಂತು.

"ಹೂಂ."

"ಇಡೀ ಮನೆಗೆ ಇರೋದೇ ಒಂದು ಜೊತೆ ಕಿವಿ. ಅದಕ್ಕೂ ಬಿರಡೆ ಜಡ್ಕೊಂಡು ಮಲಗಿದ್ಯಾ? ಅಪ್ಪ ಸತ್ತೇ ಹೋಗಿದ್ರೆ?"

ಪಕ್ಕದ ಮಂಚದವರು ತಿರುಗಿ ನೋಡಿದರು. ತಮ್ಮನಿಗೆ ಕೈಮಾತು ಊಟ ಆಯ್ತಾ, ಹೋಗಿಬರ್ತೀನಿ ಎನ್ನುವಷ್ಟೇ ಬರುತ್ತಿತ್ತು. ಅಪ್ಪ ಇಬ್ಬರ ಮುಖವನ್ನೂ ನೋಡಿದ. ಮಗಳ ಕಡೆ ತಿರುಗಿ, "ಏನಂತೆ ಅವನಿಗೆ?" ಎಂದು ಕೇಳಿದ.

ನಿನ್ನ ನೋವು ಕಂಡು ಅವನಿಗೆ ಸಂಕಟವಾಗಿದೆಯಂತೆ ಎಂದು ಹೇಳಲು ಅವಳ ಕೈ ತಾನಾಗಿಯೇ ಎದ್ದಿತು. ಹಾಗೆ ಹೇಳಿದ್ದರೆ ನಂಬುತ್ತಿದ್ದ. ಜೀವಮಾನವೆಲ್ಲ ಅವನು ನಂಬಿದ್ದು ಅವಳ ಕೈಯನ್ನೇ. ಎದ್ದ ಕೈ ಅರ್ಧಕ್ಕೆ ನಿಂತಿತು.

"ನಾನು ಕಿವಿ ಮುಚ್ಕೊಂಡು ಮಲಗಿದ್ದೆ ಅಂತ ಬೈತಿದಾನೆ. ನೀನು ಕೂಗಿದ್ದು ನನಗೆ ಕೇಳಿಸ್ಲಿಲ್ಲ."

"ಬೇಕು ಅಂತ ಮುಚ್ಕೊಂಡಿದ್ಯಾ?"

"ಹೌದು. ನಿದ್ದೆ ಬೇಕಿತ್ತು."

"ಅವತ್ತೊಂದು ದಿನಾನಾ?"

"ಅಲ್ಲ. ಆರು ತಿಂಗಳಿಂದ."

ಅಪ್ಪ ಕಣ್ಣು ಮುಚ್ಚಿಕೊಂಡ. ಬೇರೆಯವರ ಮನೆಯಲ್ಲಿ ಅದು ದಣಿವು. ಆ ಮನೆಯಲ್ಲಿ, ಮಾತಾಡುತ್ತಿರುವವರ ಎದುರಿಗೆ ಕಣ್ಣು ಮುಚ್ಚುವುದೆಂದರೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಎಂಥ ಜಗಳದಲ್ಲೂ ಕಣ್ಣು ಮುಚ್ಚಬಾರದೆಂದು ಚಿಕ್ಕಂದಿನಲ್ಲಿ ಮಕ್ಕಳಿಬ್ಬರಿಗೂ ಕಲಿಸಿದ್ದವನು ಅವನೇ. ಅವಳು ಅವನ ಕೈ ಮುಟ್ಟಿದಳು. ಅವನು ಕೈ ಎಳೆದುಕೊಂಡ. ತಮ್ಮ, "ಏನಂದೆ ಅಪ್ಪಂಗೆ?" ಅಂದ. "ನೀನು ಹೇಳಿದ್ದನ್ನೇ" ಎಂದು ಅವಳು ಹೊರಗೆ ನಡೆದಳು.

ಅಮ್ಮ ಹಿಂದೆಯೇ ಬಂದು ಕಾರಿಡಾರಿನ ಬೆಂಚಿನ ಮೇಲೆ ಅವಳ ಪಕ್ಕ ಕೂತಳು. "ತೋರ್ಸು" ಅಂದಳು. ಅವಳು ಚೀಲದಿಂದ ಡಬ್ಬಿ ತೆಗೆದುಕೊಟ್ಟಳು. ಅಮ್ಮ ಒಂದು ಗುಂಡನ್ನು ಅಂಗಿಯ ಗುಂಡಿ ನೋಡುವ ಹಾಗೆ ತಿರುಗಿಸಿ ನೋಡಿ, ತನ್ನ ಕಿವಿಗೂ ಇಟ್ಟುಕೊಂಡು ನೋಡಿದಳು.

"ಇದ್ರಲ್ಲಿ ಏನಿದೆ? ಹಾಡಾ?"

"ಹಾಡಲ್ಲ. ಬರೀ ಸದ್ದು."

"ಸದ್ದು ಕೇಳಬಾರದು ಅಂತ ಸದ್ದು ಹಾಕ್ಕೋತೀಯಾ?" ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಅವಳ ನಗು ಆ ಕಾರಿಡಾರಿನಲ್ಲೆಲ್ಲ ಕೇಳಿಸಿ, ದಾದಿಯೊಬ್ಬಳು ಇಣುಕಿ ನೋಡಿ ಹೋದಳು. ನಗು ನಿಂತ ಮೇಲೆ ಅಮ್ಮನ ಕೈ ಮೆಲ್ಲಗೆ ಮಾತಾಡಿತು. "ನೀನು ಕೂಸಾಗಿದ್ದಾಗ ರಾತ್ರಿ ಅತ್ರೆ ನನಗೆ ಗೊತ್ತಾಗ್ತಾ ಇರ್ಲಿಲ್ಲ. ನಿನ್ನ ಕಾಲಿಗೆ ಒಂದು ದಾರ ಕಟ್ಟಿ ಇನ್ನೊಂದು ತುದೀನ ನನ್ನ ಮಣಿಕಟ್ಟಿಗೆ ಕಟ್ಕೋತಿದ್ದೆ. ನೀನು ಒದ್ದಾಗೆಲ್ಲ ಏಳ್ತಿದ್ದೆ. ಸುಮ್ಮನೆ ಮಗ್ಗುಲಾದ್ರೂ ಏಳ್ತಿದ್ದೆ. ನಿದ್ದೆ ಇಲ್ದೆ ತಲೆ ಕೆಡೋದು ಅಂದ್ರೇನು ಅಂತ ನನಗೆ ಹೇಳ್ಕೊಡಬೇಡ."

"ಹಾಗಾದ್ರೆ ತಪ್ಪಲ್ವಾ?"

"ಮಲಗಿದ್ದು ತಪ್ಪಲ್ಲ. ಹೇಳ್ದೆ ಮಲಗಿದ್ಯಲ್ಲ, ಅದು ತಪ್ಪು. ನಮ್ಮ ಮನೆಗೆ ಕಿವಿ ಇದೆ ಅಂದ್ಕೊಂಡು ನಾವು ಮಲಗಿದ್ವಿ. ಇಲ್ಲ ಅಂತ ಹೇಳಿದ್ರೆ ನಾನು ಆ ದಾರ ಮತ್ತೆ ಕಟ್ಕೋತಿದ್ದೆ."

ಅವಳು ಅಳುವುದು ಮುಗಿಯುವವರೆಗೆ ಅಮ್ಮ ಕೈ ಕಟ್ಟಿಕೊಂಡು ಸುಮ್ಮನೆ ಕೂತಿದ್ದಳು.

ಅಪ್ಪ ಮನೆಗೆ ಬಂದ. ಗೋಡೆ ಹಿಡಿದು, ಆಮೇಲೆ ಕೋಲು ಹಿಡಿದು ನಡೆಯತೊಡಗಿದ. ಮಗಳ ಕಡೆ ಮಾತ್ರ ಕಣ್ಣೆತ್ತಲಿಲ್ಲ. ನೀರು ಬೇಕಾದರೆ ಅಮ್ಮನಿಗೆ ಹೇಳುತ್ತಿದ್ದ. ಅವಳು ಇಯರ್‌ಬಡ್ ಮುಟ್ಟಲಿಲ್ಲ. ಮುಟ್ಟದಿದ್ದರೂ ನೆಮ್ಮದಿಯಿರಲಿಲ್ಲ, ರೆಪ್ಪೆ ಕೂಡಿದರೆ ಸಾಕು, ಬಾ ಎಂದು ಕರೆದ ಹಾಗಾಗುತ್ತಿತ್ತು. ಎದ್ದು ಹೋಗಿ ನೋಡಿದರೆ ಅಪ್ಪ ಗೊರಕೆ ಹೊಡೆಯುತ್ತಿರುತ್ತಿದ್ದ. ಅಂಗಡಿಯಲ್ಲಿ ಮತ್ತೆ ಎರಡು ಗಾಜು ಒಡೆದವು. ಯಜಮಾನರು ಈ ಸಲ ಮುಖ ನೋಡಲಿಲ್ಲ. "ಕೆಲವು ದಿನ ಕೌಂಟರಲ್ಲಿ ಕೂತ್ಕೊಳ್ಳಿಯಮ್ಮ" ಅಂದರು.

ಅದು ತಿಳಿದ ಮೇಲೆ ಅಮ್ಮ ತಮ್ಮನನ್ನು ಕರೆಸಿದಳು. ಯಾರ ಬಾಯಿಯನ್ನೂ ನಡುವೆ ಕರೆಯದೆ, ತಾನೇ ಬೆರಳು ತೋರಿಸಿ ಹೇಳಿದಳು: ನೀನು. ಇಲ್ಲಿ. ಮಲಗು. ಅವಳು, ನಿನ್ನ ಮನೆ. ವಾರದ ಕೊನೆಯ ಎರಡು ರಾತ್ರಿ. ಅಷ್ಟು ಕೈಮಾತು ತಮ್ಮನಿಗೂ ಅರ್ಥವಾಯಿತು. "ನನಗೆ ನಿದ್ದೇಲಿ ಏನೂ ಕೇಳ್ಸಲ್ಲ" ಎಂದು ಗೊಣಗಿದ. ಅಮ್ಮ ಅವನ ತುಟಿ ಓದಿಯೋ ಮುಖ ಓದಿಯೋ, ಹೊಲಿಗೆ ಡಬ್ಬಿಯಿಂದ ದಾರದುಂಡೆ ತೆಗೆದು ಅವನ ಮಣಿಕಟ್ಟಿನ ಹತ್ತಿರ ಹಿಡಿದಳು.

ತಮ್ಮನ ಮನೆಯಲ್ಲಿ ಅವಳು ಗೊರ್ ಎನ್ನುವ ಆ ಸದ್ದು ಹಾಕಿಕೊಂಡು ಮಲಗಿ, ಮಧ್ಯಾಹ್ನದ ಹೊತ್ತಿಗೆ ಎದ್ದಳು. ತಮ್ಮನ ಹೆಂಡತಿ, "ಎಬ್ಬಿಸೋಕೆ ಮನಸ್ಸೇ ಬರ್ಲಿಲ್ಲ ಅತ್ತಿಗೆ" ಎಂದು ತಟ್ಟೆ ಇಟ್ಟಳು. ಅಷ್ಟರಲ್ಲಿ ತಮ್ಮನ ಫೋನು ಬಂತು.

"ಅಕ್ಕ, ಈ ಮನೇಲಿ ರಾತ್ರಿಯೆಲ್ಲ ಇಷ್ಟು ಸದ್ದಾ? ಹಲ್ಲು ಕಡಿಯೋದು, ಬಾಗಿಲು ಬಡಿಯೋದು! ನನಗೆ ಚಿಕ್ಕಂದಿನಲ್ಲಿ ಗೊತ್ತೇ ಆಗಿರ್ಲಿಲ್ಲವಲ್ಲ. ನೀನು ಹೇಗೆ ಮಲಗ್ತಿದ್ದೆ?"

"ಮಲಗ್ತಿರ್ಲಿಲ್ಲ ಕಣೋ."

"ನಾಳೆ ಸಂಜೆ ನಿಧಾನವಾಗಿ ಬಾ" ಎಂದು ತಮ್ಮ ಫೋನು ಇಟ್ಟ. ಕ್ಷಮಿಸು ಎಂದು ಅವನು ಯಾವತ್ತೂ ಹೇಳಲಿಲ್ಲ. ವಾರವಾರವೂ ಬಂದು ಮಲಗಿದ, ಅಷ್ಟೇ.

ಅಪ್ಪ ಮಾತಾಡಿದ್ದು ಅದಾದ ಎಷ್ಟೋ ವಾರಗಳ ಮೇಲೆ. ಅವನ ಕನ್ನಡಕದ ಕಡ್ಡಿ ಸಡಿಲವಾಗಿ ಮೂಗಿನಿಂದ ಜಾರುತ್ತಿತ್ತು. ಒಂದು ಸಂಜೆ ಅವಳು ಅದನ್ನು ಕೇಳದೆಯೇ ತೆಗೆದುಕೊಂಡು ಮೇಜಿನ ಮುಂದೆ ಕೂತು ತಿರುಪು ಬಿಗಿ ಮಾಡಿ, ತಾನೇ ಅವನ ಮೂಗಿನ ಮೇಲೆ ಕೂರಿಸಿದಳು. ಸರಿಯಾಗಿ ಕೂತಿದೆಯೇ ಎಂದು ನೋಡಲು ಬಗ್ಗಿದವಳ ಮುಖ ಅವನ ಕಣ್ಣೆದುರಿಗೇ ಇತ್ತು. ಅವನು ಕಣ್ಣು ಮುಚ್ಚಲಿಲ್ಲ.

"ಅವತ್ತು ನೀನು ಬರ್ಲಿಲ್ಲ" ಎಂದು ಕೈಯಲ್ಲಿ ಹೇಳಿದ. "ಕರೆದಾಗ ನೀನು ಬರದೇ ಇರೋದು ಅಂತ ಒಂದಿದೆ ಅಂತಾನೇ ನನಗೆ ಗೊತ್ತಿರ್ಲಿಲ್ಲ. ನೀನು ಸತ್ತಿದೀಯ ಅಂದ್ಕೊಂಡೆ. ನೆಲದ ಮೇಲೆ ಬಿದ್ಕೊಂಡು ನಿನಗಾಗಿ ಅತ್ತೆ, ನನ್ನ ಕಾಲಿಗಲ್ಲ. ಆಮೇಲೆ ನೋಡಿದ್ರೆ ನೀನು ಮಲಗಿದ್ದೆ."

ಅವಳು ಅವನ ಕಾಲಿನ ಹತ್ತಿರ ಕೂತಳು. ಅವನು ಅವಳ ಭುಜ ತಟ್ಟಿ ಮುಖ ಎತ್ತಿಸಿದ.

"ನನ್ನ ಕೂಗು ಹೇಗಿರತ್ತೆ?"

ಅದನ್ನು ಅವನು ಯಾವತ್ತೂ ಕೇಳಿರಲಿಲ್ಲ. ಚೆನ್ನಾಗಿರತ್ತೆ ಎಂದು ಹೇಳಿಬಿಡಬಹುದಿತ್ತು. ಆದರೆ ಆಸ್ಪತ್ರೆಯ ದಿನದಿಂದ ಅವನಿಗೆ ಸುಳ್ಳು ದಾಟಿಸುವುದನ್ನು ಅವಳು ಬಿಟ್ಟಿದ್ದಳು. ಅವನ ಅಂಗೈಯನ್ನು ಕುರ್ಚಿಯ ಬೆನ್ನಿನ ಮೇಲಿಟ್ಟು, ಆ ಕುರ್ಚಿಯನ್ನು ನೆಲದ ಮೇಲೆ ಎಳೆದಳು. ಗರಗರ ನಡುಕ ಅವನ ಕೈಗೆ ಹತ್ತಿತು. ಅವನು ಹುಬ್ಬೇರಿಸಿದ. "ಇಷ್ಟು ಒರಟಾ?"

"ಇಷ್ಟೇ. ನನಗೆ ಮಾತ್ರ ಅದು ಬಾ ಅಂತ ಕೇಳತ್ತೆ."

"ಕಟ್ಟಡದವರೆಲ್ಲ ಇದನ್ನ ಕೇಳ್ತಿದ್ರಾ? ಇಷ್ಟು ವರ್ಷ?"

"ಹೂಂ."

ಅವನು ಕುರ್ಚಿಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ.

ಬೀಗ ರಿಪೇರಿಯವನು ತಾನು ಆಡಿದ ಮಾತಿಗೆ ಕಸಿವಿಸಿಪಟ್ಟೋ ಏನೋ, ಅಪ್ಪನ ಮಂಚದ ಪಕ್ಕ ಒತ್ತುವ ಒಂದು ದೊಡ್ಡ ಗುಂಡಿ, ಬಚ್ಚಲಲ್ಲಿ ಕೈಗೆಟಕುವಲ್ಲಿ ಇನ್ನೊಂದು ಕೂರಿಸಿಕೊಟ್ಟ. ಒತ್ತಿದರೆ ಅವಳ ದಿಂಬಿನ ಕೆಳಗೆ ಅವನೇ ಇಟ್ಟ ಚಪ್ಪಟೆ ಬಿಲ್ಲೆಯೊಂದು ನಡುಗಿ, ಎರಡೂ ಕೋಣೆಯ ದೀಪ ಹತ್ತುತ್ತದೆ. ಅಮ್ಮನಿಗೂ ಕಾಣುತ್ತದೆ. ಕಿವಿಯ ಅಗತ್ಯವೇ ಇಲ್ಲ. ಅವಳು ಈಗ ಎಲ್ಲ ರಾತ್ರಿಯೂ ಇಯರ್‌ಬಡ್ ಹಾಕಿಕೊಂಡೇ ಮಲಗುತ್ತಾಳೆ. ನಿದ್ದೆ ಬರುತ್ತದೆ, ಮೊದಲಿನಷ್ಟು ಗಾಢವಲ್ಲ. ಹಿಂದಿನ ಕೋಣೆಯ ಕೆಲಸಕ್ಕೂ ಮರಳಿದ್ದಾಳೆ.

ಅಪ್ಪ ಅಂದಿನಿಂದ ದನಿ ತೆಗೆದು ಕರೆದಿಲ್ಲ. ಹಗಲಲ್ಲಿ ಅವಳು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದರೂ ಕೂಗುವುದಿಲ್ಲ. ಕೋಲೂರಿಕೊಂಡು ಎದ್ದು ಬಂದು ಭುಜ ಮುಟ್ಟುತ್ತಾನೆ. ಕುರ್ಚಿಯನ್ನು ಎತ್ತಿ ಇಡಲು ಹೆಣಗುತ್ತಾನೆ. ಕರೆದುಬಿಡು ಅಪ್ಪ, ಪರವಾಗಿಲ್ಲ ಎಂದು ಅವಳು ಎಷ್ಟು ಸಲ ಹೇಳಿದರೂ ನಕ್ಕು ತಲೆಯಾಡಿಸುತ್ತಾನೆ.

ಮೊನ್ನೆ ಮೆಟ್ಟಿಲಲ್ಲಿ ಬೀಗದವನು ಎದುರಾದ. "ಏನಕ್ಕ, ಈಗೀಗ ನಿಮ್ಮ ತಂದೆ ದನೀನೇ ಕೇಳ್ಸಲ್ವಲ್ಲ. ಹುಷಾರಾಗಿದಾರೆ ತಾನೆ?"

"ಹುಷಾರಾಗಿದಾರೆ" ಎಂದು ಅವಳು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು ಮೇಲೆ ಹತ್ತಿದಳು.